ತಡೆ ಉಜ್ಜಿದವಳು

ಮತ್ತೆ ಮಿನುಗಿತು, ಗರಗಸದ ಚೈನಿನ ಎಡಬದಿಯ ಆರನೆಯ ಹಲ್ಲು, ತುದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ, ಕಿಟಕಿಯ ಬೆಳಕು ಅಲ್ಲಿ ಬಂದು ಕೂತಿದೆ, ಕೂರಬಾರದು, ಹರಿತವಾದ ಅಂಚಿನ ಮೇಲೆ ಬೆಳಕಿಗೆ ಕೂರಲು ಜಾಗವೇ ಇರುವುದಿಲ್ಲ ಅನ್ನುತ್ತಿದ್ದ ಅಪ್ಪ, ಮಿನುಗಿದ್ರೆ ಮೊಂಡು, ಮಿನುಗದಿದ್ರೆ ಹರಿತ, ಇಷ್ಟೇ ಕಣೇ ವಿದ್ಯೆ, ಉಳಿದಿದ್ದೆಲ್ಲ ಬೆನ್ನುನೋವು — ದುಂಡು ಅರವನ್ನು ಮತ್ತೆ ಹಲ್ಲಿನ ಹೊಟ್ಟೆಗೆ ಇಡುತ್ತೇನೆ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ, ಹಿಂದಕ್ಕೆ ಎಳೆಯುವಾಗ ಅರ ಹಲ್ಲಿಗೆ ತಾಗದಂತೆ ಎತ್ತಿಕೊಳ್ಳಬೇಕು, ಒಂದು, ಎರಡು, ಮೂರು, ಎಲ್ಲ ಹಲ್ಲಿಗೂ ಮೂರೇ, ಈ ಆರನೆಯದಕ್ಕೆ ನಾಲ್ಕು ಬೇಕಾಗುತ್ತದೆ, ಒಂದಕ್ಕೆ ನಾಲ್ಕಾದರೆ ಎಲ್ಲದಕ್ಕೂ ನಾಲ್ಕು, ಇಲ್ಲದಿದ್ದರೆ ಗರಗಸ ಒಂದೇ ಬದಿಗೆ ಎಳೆಯುತ್ತದೆ, ಮನೆಯಲ್ಲಿ ಮಕ್ಕಳಿಗೆ ಹಂಚುವಾಗ ಅಪ್ಪ ಇದೇ ಲೆಕ್ಕ ಹೇಳುತ್ತಿದ್ದ, ಹೇಳಿ ತನ್ನ ತಟ್ಟೆಯಿಂದ ನನಗೊಂದು ತುತ್ತು ಹೆಚ್ಚು ಹಾಕುತ್ತಿದ್ದ. ಆರನೆಯ ಹಲ್ಲು ಯಾವುದಕ್ಕೋ ತಾಗಿದೆ, ಕಲ್ಲಿಗೋ, ಗೋಡೆಗೋ, ನೆಲಕ್ಕೋ. ಅಣ್ಣ ನೆಲಕ್ಕೆ ತಾಗಿಸುವವನಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನ ಚೈನಿನಲ್ಲಿ ಮಣ್ಣು ನೋಡಿದ್ದು ಎರಡು ಸಲ, ಎರಡೂ ಈ ತಿಂಗಳಲ್ಲಿ. ಹೊರಗೆ ಲಾರಿ ಗುರ್ ಅನ್ನುತ್ತಿದೆ, ಚಳಿಗೆ ಎಂಜಿನ್ ಬಿಸಿಯಾಗಲೆಂದು ಬಿಟ್ಟಿದ್ದಾರೆ, ಮೇಸ್ತ್ರಿ ಅಂಗಳದಿಂದಲೇ ಕೂಗುತ್ತಾನೆ, ಅರದಮ್ಮಾ, ಹಲ್ಲುಜ್ಜಿ ಆಯ್ತಾ ಇಲ್ಲ ಮುಖಾನೂ ತೊಳೀತಿದೀಯಾ, ಮೂರು ಗರಗಸ ಹತ್ತಿದವು, ನಾಲ್ಕನೇದು ಎಲ್ಲಿ? ಬಂತು ಕಣಪ್ಪ, ಅನ್ನುತ್ತೇನೆ, ನಿನ್ನ ಬಾಯಿಗೊಂದು ಅರ ಹಾಕಿ ಬರ್ತೀನಿ ತಾಳು, ಲಾರಿಯಲ್ಲಿ ಕೂತವರು ನಗುತ್ತಾರೆ, ನಗುವಿನಲ್ಲಿ ಅಣ್ಣನ ದನಿ ಇಲ್ಲ, ಅವನು ಇನ್ನೂ ನಲ್ಲಿಯ ಹತ್ತಿರ ಇರಬೇಕು, ಎರಡು ಕೈಯನ್ನೂ ಟೀ ಲೋಟಕ್ಕೆ ಒತ್ತಿಕೊಂಡು, ಕುಡಿಯದೆ, ಸುಮ್ಮನೆ ಒತ್ತಿಕೊಂಡು.

ನಾಲ್ಕನೆಯ ನಂಬರ್ ಅಣ್ಣನದು, ಅದಕ್ಕೆ ಮೊದಲು ಅಪ್ಪನದಾಗಿತ್ತು, ಗರಗಸ ಬದಲಾಗಿದೆ, ನಂಬರ್ ಬದಲಾಗಿಲ್ಲ. ಅಪ್ಪ ಹೋಗುವಾಗ ಹಂಚಿದ್ದು ಎರಡೇ ಆಸ್ತಿ, ಗರಗಸ ನಿನಗೆ, ಅರ ನಿನಗೆ, ಇಬ್ಬರೂ ಜಗಳ ಆಡ್ಬೇಡಿ, ಅವನು ಕೊಯ್ಯೋದು ಚೆನ್ನಾಗಿದ್ರೆ ಅದು ಇವಳ ಕೈ, ಇವಳ ಕೈ ಚೆನ್ನಾಗಿದೆಯೋ ಇಲ್ವೋ ಅಂತ ಹೇಳೋದು ಮರ. ಮರ ಹೇಳುತ್ತದೆ, ನಿಜ, ಹರಿತವಾದ ಚೈನ್ ಚಕ್ಕೆ ಉಗುಳುತ್ತದೆ, ಮೊಂಡಾದದ್ದು ಹಿಟ್ಟಿನಂಥ ಹೊಟ್ಟು, ಸಂಜೆ ಅಣ್ಣನ ಅಂಗಿಯ ಜೇಬಿನಲ್ಲಿ ಎಂಥದ್ದು ಸಿಕ್ಕಿದೆ ಎಂದು ನೋಡಿಯೇ ನನಗೆ ಗೊತ್ತಾಗುತ್ತಿತ್ತು ನಾನು ಬೆಳಿಗ್ಗೆ ಹೇಗಿದ್ದೆ ಅಂತ. ಮರ ಕಡಿಯುವ ತಂಡದವರು ಅವನನ್ನು ನಿಧಾನಿ ಅನ್ನುತ್ತಾರೆ. ಒಂದು ಕೊಂಬೆ ಕೊಯ್ಯುವುದಕ್ಕೆ ಮೊದಲು ಅವನು ಬಾಯಿಬಿಟ್ಟು ಹೇಳಿಕೊಳ್ಳುವುದಿದೆಯಲ್ಲ, ಪೆಟ್ರೋಲ್ ಹಾಕಿದ ಜಾಗದಿಂದ ಮೂರು ಹೆಜ್ಜೆ ಆಚೆ, ಗರಗಸ ನೆಲದ ಮೇಲೆ, ಹಿಡಿಯೊಳಗೆ ಕಾಲು, ಬ್ರೇಕ್ ಹಾಕಿದೆ, ಆಮೇಲೆ ದಾರ ಎಳಿ, ಚೈನ್ ಸುಮ್ಮನೆ ನಿಂತಿದೆಯಾ ನೋಡು, ಎಣ್ಣೆ ಸಿಡಿಯುತ್ತಿದೆಯಾ ನೋಡು, ಹಿಂದೆ ಯಾರಿದ್ದಾರೆ ನೋಡು, ಓಡಲು ದಾರಿ ಯಾವುದು ನೋಡು, ಭುಜಕ್ಕಿಂತ ಮೇಲೆ ಎತ್ತಬೇಡ — ಜಪ ಮುಗೀತಾ ಸ್ವಾಮಿ, ಮರ ತಾನಾಗೇ ಬಿದ್ದೋಗತ್ತೆ ಅಷ್ಟೊತ್ತಿಗೆ, ಅನ್ನುತ್ತಾರೆ, ಬೀಳ್ಲಿ ಬಿಡ್ರೋ, ನಾನು ಬೀಳದಿದ್ರೆ ಸಾಕು, ಅನ್ನುತ್ತಾನೆ. ಅಮ್ಮ ಇಲ್ಲದ ಮನೆಯಲ್ಲಿ ನನಗೆ ಜಡೆ ಹಾಕುತ್ತಿದ್ದವನು ಇವನೇ, ಆಗ ಅವನಿಗೆ ಹನ್ನೆರಡು ನನಗೆ ಏಳು, ಮೂರು ಎಳೆಯನ್ನೂ ಅಳೆದು ಸಮ ಮಾಡಿ, ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು, ಅಲ್ಲಾಡ್ಬೇಡ ಪುಟ್ಟಿ, ಒಂದು ಎಳೆ ಜಾರಿದ್ರೆ ಮೊದಲಿಂದ ಮಾಡ್ಬೇಕು, ಮೊದಲಿಂದ ಮಾಡುತ್ತಲೂ ಇದ್ದ, ಶಾಲೆಯ ಗಂಟೆ ಹೊಡೆದರೂ, ಕೊನೆಗೆ ರಿಬ್ಬನ್ನಿನ ಗಂಟು ಎಷ್ಟು ಗಟ್ಟಿ ಅಂದರೆ ಸಂಜೆ ಬಿಚ್ಚಲು ಅಪ್ಪನಿಗೆ ಹಲ್ಲು ಬೇಕಾಗುತ್ತಿತ್ತು. ಆ ಬೆರಳುಗಳು. ನನ್ನ ತಲೆಯ ಹಿಂದೆ ಕಣ್ಣಿಲ್ಲ, ಆದರೂ ಆ ಬೆರಳುಗಳನ್ನು ಗುರುತು ಹಿಡಿಯಬಲ್ಲೆ.

ಇವತ್ತು ಬೆಳಿಗ್ಗೆ ಅತ್ತಿಗೆ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದರು ಇಬ್ಬರೂ, ನನಗೆ ಕಾಣದ ಹಾಗೆ, ನಾನು ಬಂದೆನೆಂದು ಗೊತ್ತಾದ ಕೂಡಲೇ ಅತ್ತಿಗೆ ದನಿ ಏರಿಸಿ, ನೋಡು ಪುಟ್ಟಿ, ಮದುವೆ ಆದ ಹೊಸದ್ರಲ್ಲೂ ಇಷ್ಟು ಹತ್ತಿರ ನಿಲ್ತಿರ್ಲಿಲ್ಲ ಈ ಮನುಷ್ಯ, ಈಗ ವಯಸ್ಸಾದ್ಮೇಲೆ ಸರಸ, ಅಂದಳು, ಅಣ್ಣ ನಕ್ಕ, ನಾನೂ ನಕ್ಕೆ, ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಕ್ಕೆವು. ಮೇಜಿನ ಮೇಲೆ ಅವನ ಕೈ ಇತ್ತು. ನಡುಬೆರಳುಗಳ ತುದಿ ಬೆಳ್ಳಗೆ, ಮೇಣದ ಹಾಗೆ, ಎರಡನೆಯ ಗೆಣ್ಣಿನವರೆಗೆ ರಕ್ತವೇ ಇಲ್ಲ, ಅಲ್ಲಿಂದ ಗೆರೆ ಎಳೆದ ಹಾಗೆ ಕಪ್ಪು. ಶೀತ ಅಷ್ಟೇ, ಅಂದ, ಎರಡು ವರ್ಷದಿಂದ ಶೀತ ಅಷ್ಟೇ, ಬೇಸಿಗೆಯಲ್ಲೂ ಶೀತ ಅಷ್ಟೇ. ಗರಗಸದ ನಡುಕ ಕೈಗೆ ಹೋಗದಿರಲೆಂದು ಹಿಡಿಗೂ ಎಂಜಿನ್ನಿಗೂ ನಡುವೆ ರಬ್ಬರ್ ಬುಷ್ ಇರುತ್ತವೆ, ಬೆರಳಿನಷ್ಟು ಉದ್ದ, ನಾಲ್ಕು. ನಾಲ್ಕನೆಯ ನಂಬರಿನವು ಸೀಳಿವೆ, ನಾನು ಬರೆದು ಕೊಟ್ಟೆ, ಮತ್ತೆ ಬರೆದು ಕೊಟ್ಟೆ, ಮೂರನೆಯ ಸಲ ಕಂಪನಿಯವರ ಉಗ್ರಾಣಕ್ಕೆ ನಾನೇ ಹೋದೆ, ಅಲ್ಲಿದ್ದವನು ಕುರ್ಚಿಯಿಂದ ಏಳದೆ, ಅಮ್ಮಾ, ಗರಗಸ ಅಂದ್ಮೇಲೆ ನಡುಗತ್ತೆ, ಅದು ಜೋಕಾಲಿನಾ, ಅಂದ. ಅವನ ಕುರ್ಚಿಗೆ ದಿಂಬು ಇತ್ತು. ಆ ದಿಂಬಿನಲ್ಲಿ ನಮ್ಮ ನಾಲ್ಕು ಗರಗಸಕ್ಕಾಗುವಷ್ಟು ರಬ್ಬರ್ ಇತ್ತು.

ಎಂಟು ತಿಂಗಳ ಹಿಂದೆ ಅಲ್ಲವೇ, ಹೌದು, ಎಲೆ ಉದುರುವ ಕಾಲ, ಇದೇ ಬೆಂಚಿನ ಹತ್ತಿರ ನಿಂತು, ಯಾರಿಗೂ ಕೇಳಿಸದ ಹಾಗೆ, ಪುಟ್ಟಿ, ಯಾಕೋ ಒತ್ತೋಕೆ ಬಲ ಸಾಲ್ತಿಲ್ಲ ಕಣೇ, ಮರ ಒಳಗೆ ತಗೊಳ್ತಿಲ್ಲ, ಅಂದ. ಒತ್ತುವುದು ಯಾಕೆ, ಹರಿತವಾದ ಗರಗಸವನ್ನು ಯಾರೂ ಒತ್ತಬೇಕಿಲ್ಲ, ಅದರ ಭಾರಕ್ಕೇ ಅದು ಇಳಿಯಬೇಕು, ಇದನ್ನು ನನಗೆ ಹೇಳಿಕೊಟ್ಟವನೇ ಅವನು. ಆದರೆ ಅವನು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅದಕ್ಕೇ ಚಪ್ಪಟೆ ಅರ ತೆಗೆದುಕೊಂಡೆ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಉಬ್ಬು ಇರುತ್ತದೆ, ಅಪ್ಪ ಅದನ್ನು ತಡೆ ಅನ್ನುತ್ತಿದ್ದ, ಹಲ್ಲು ಒಂದು ಸಲಕ್ಕೆ ಎಷ್ಟು ಕಚ್ಚಬೇಕು ಎಂದು ಹೇಳುವುದು ಅದು, ಹಲ್ಲಿಗಿಂತ ಕೂದಲಷ್ಟೇ ತಗ್ಗು, ಅಳತೆಯ ತಗಡು ಇಟ್ಟು, ತಗಡಿನ ಮೇಲೆ ಎದ್ದು ಕಂಡಷ್ಟನ್ನು ಮಾತ್ರ ಉಜ್ಜಬೇಕು, ಮುಂದಿನ ಮೂಲೆಯನ್ನು ದುಂಡಗೆ ಬಿಡಬೇಕು. ನಾನು ತಗಡು ಇಡಲಿಲ್ಲ. ಎರಡು ಸಲ ಹೆಚ್ಚು ಉಜ್ಜಿದೆ. ತಡೆ ತಗ್ಗಿದರೆ ಹಲ್ಲು ಹಸಿದ ಪ್ರಾಣಿಯ ಹಾಗೆ ಕಚ್ಚುತ್ತದೆ, ಒತ್ತುವುದೇ ಬೇಡ. ಸಂಜೆ ಲಾರಿಯಿಂದ ಇಳಿದವನೇ, ಬೆಣ್ಣೆ ಕಣೇ, ಬೆಣ್ಣೆ ಕೊಯ್ದ ಹಾಗೆ, ಎಂದು ನನ್ನ ತಲೆಯ ಮೇಲೆ ಕೈ ಇಟ್ಟ, ನಲವತ್ತೇಳು ವರ್ಷದ ಹೆಂಗಸು ನಾನು, ಜಡೆ ಬೆಳ್ಳಗಾಗಿದೆ, ಆ ರಾತ್ರಿ ಊಟಕ್ಕೆ ಕೂತಾಗಲೂ ತಲೆಯ ಮೇಲೆ ಆ ಕೈ ಇತ್ತು. ಮುಂದಿನ ವಾರ ಇನ್ನೆರಡು. ಅದರ ಮುಂದಿನ ವಾರ ಇನ್ನೆರಡು. ಬೇರೆ ಯಾರ ಗರಗಸಕ್ಕೂ ಮಾಡಲಿಲ್ಲ, ಒಂದು, ಎರಡು, ಮೂರನೆಯ ನಂಬರಿನವರಿಗೆ ತಗಡು ಇಟ್ಟು ಅಳೆದು ಕೊಟ್ಟೆ, ಅವರು ನನಗೆ ಯಾರೂ ಅಲ್ಲ, ಅದಕ್ಕೇ ಅವರಿಗೆ ಸರಿಯಾಗಿ ಮಾಡಿದೆ.

ಚೈನ್ ಮುಗಿಯಿತು, ನಲವತ್ತು ಹಲ್ಲಿಗೂ ನಾಲ್ಕು, ಚೈನ್ ಸುತ್ತಿ ಓಡುವ ಬಾರ್ ತಿರುಗಿಸಿ ಹಾಕಿದ್ದೇನೆ, ಎರಡೂ ಅಂಚು ಸಮನಾಗಿ ಸವೆಯಲೆಂದು, ಎಣ್ಣೆಯ ತೂತಿನಲ್ಲಿದ್ದ ಹೊಟ್ಟು ತೆಗೆದೆ, ಮೂತಿ ಎತ್ತಿ ಹಿಡಿದು ಚೈನ್ ಬಿಗಿ ಮಾಡಿದೆ, ಕೈಗವಸು ಹಾಕಿಕೊಂಡು ಎಳೆದರೆ ಸಲೀಸಾಗಿ ತಿರುಗುತ್ತದೆ, ಕೆಳಗೆ ಜೋತಿಲ್ಲ, ಇನ್ನು ಒರೆಸುವುದು. ಒರೆಸುವುದೊಂದೇ ಉಳಿದದ್ದು. ಮುಂದಿನ ಹಿಡಿಯನ್ನು ಬಟ್ಟೆಯಿಂದ ಸುತ್ತಿ ಎಳೆಯುತ್ತೇನೆ, ಮೇಲೆ ನುಣುಪು, ನಾಲ್ಕು ಬೆರಳು ಕೂತು ಕೂತು ಹೊಳಪು ಬಂದಿದೆ, ಕೆಳಗೆ — ಬಟ್ಟೆ ತಡೆಯಿತು. ಅಂಟು. ಮರದ ಹಾಲು ಒಣಗಿ, ಅದರ ಮೇಲೆ ಹೊಟ್ಟು ಕೂತು, ಮತ್ತೆ ಹಾಲು, ಮತ್ತೆ ಹೊಟ್ಟು, ಒಂದು ಬೆರಳಗಲದ ಕರಿ ಹಕ್ಕಳೆ, ವಾರಗಟ್ಟಲೆಯಿಂದ ಯಾರೂ ಮುಟ್ಟಿಲ್ಲ. ಮುಟ್ಟಬೇಕಾದ ಜಾಗ ಅದು. ಎಡಗೈಯ ಹೆಬ್ಬೆರಳು ಹಿಡಿಯ ಕೆಳಗಿನಿಂದ ಸುತ್ತಿಕೊಂಡು ಬಂದು ಕೂರುವ ಜಾಗ ಅದು. ಬಾರಿನ ಮೂತಿಯ ಮೇಲಂಚು ಯಾವುದಕ್ಕಾದರೂ ತಾಗಿದರೆ ಗರಗಸ ಒದೆಯುತ್ತದೆ, ಕಣ್ಣು ಮುಚ್ಚುವಷ್ಟರಲ್ಲಿ ಕುತ್ತಿಗೆಗೆ ಬರುತ್ತದೆ, ಆಗ ಅದನ್ನು ಹಿಡಿದು ನಿಲ್ಲಿಸುವುದು ನಾಲ್ಕು ಬೆರಳಲ್ಲ, ಆ ಒಂದು. ಹೊಸದಾಗಿ ತಂಡಕ್ಕೆ ಬಂದವರ ಎಡಗೈಯನ್ನು ತನ್ನ ಕೈಯಿಂದಲೇ ಬಿಡಿಸಿ ಮತ್ತೆ ಮಡಿಚುತ್ತಿದ್ದ ಅಣ್ಣ, ಮೇಲೆ ಮಲಗಿಸ್ಬೇಡ, ಸುತ್ತು, ಸುತ್ತು — ಮೇಲೆ ಮಲಗಿದೆ. ಅವನ ಹೆಬ್ಬೆರಳು ಮೇಲೆ ಮಲಗಿದೆ, ಉಳಿದ ನಾಲ್ಕರ ಪಕ್ಕ. ಸುತ್ತಿಕೊಂಡು ಬರುತ್ತಿಲ್ಲ ಅದು. ಮುಂದೆ ಬ್ರೇಕಿನ ಪಟ್ಟಿ ನೋಡಿದೆ, ಎಡಗೈಯ ಮುಂದೆ ನಿಲ್ಲುವ ಆ ಪಟ್ಟಿ ಬುಡದಲ್ಲಿ ಬಿರಿದಿದೆ, ಬಿಳಿಯ ಹೊಸ ಬಿರುಕು. ಗರಗಸ ಒದ್ದಾಗ ಮಣಿಕಟ್ಟಿನ ಹಿಂಭಾಗ ಬಡಿದೇ ಅದು ಬಿರಿಯಬೇಕು. ಹೋದ ವಾರ ಮಣಿಕಟ್ಟು ನೀಲಿಯಾಗಿತ್ತಲ್ಲ, ಲಾರಿ ಬಾಗ್ಲು ಬಡೀತು ಕಣೇ, ಅಂದಿದ್ದನಲ್ಲ, ಅತ್ತಿಗೆ ಉಪ್ಪಿನ ಶಾಖ ಕೊಟ್ಟಳಲ್ಲ, ನಾನು ಬಟ್ಟೆ ಬಿಸಿ ಮಾಡಿ ಮಾಡಿ ಕೊಟ್ಟೆನಲ್ಲ. ಅಳತೆಯ ತಗಡು ಎಲ್ಲಿ. ಡಬ್ಬಿಯ ತಳದಲ್ಲಿತ್ತು. ಚೈನಿನ ಮೇಲೆ ಇಟ್ಟೆ, ತಡೆಯ ಮೇಲೆ ಎಷ್ಟು ಸಂದು ಎಂದು ಉಗುರು ತೂರಿಸಿ ನೋಡಿದೆ, ಉಗುರು ಹೋಯಿತು, ಇಡೀ ಹೋಯಿತು, ಆಚೆ ಬಂತು. ತಡೆ ತಗ್ಗಿದ ಗರಗಸ ಹೆಚ್ಚು ಕಚ್ಚುತ್ತದೆ, ಹೆಚ್ಚು ಕಚ್ಚಿದ್ದು ಹೆಚ್ಚು ಒದೆಯುತ್ತದೆ, ಹೆಚ್ಚು ನಡುಗುತ್ತದೆ, ನಡುಗಿದಷ್ಟೂ ಬೆರಳು ಸಾಯುತ್ತದೆ, ಬೆರಳು ಸತ್ತಷ್ಟೂ ಅವನು ಇನ್ನೊಂಚೂರು ಅಂದ, ಅವನು ಇನ್ನೊಂಚೂರು ಅಂದಷ್ಟೂ ನಾನು ಉಜ್ಜಿದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹತ್ತು ವರ್ಷದವಳಿದ್ದಾಗಿನಿಂದ ಗೊತ್ತು. ಬೆಣ್ಣೆ ಕಣೇ, ಅಂದನಲ್ಲ.

ಉಜ್ಜಿದ್ದನ್ನು ಮತ್ತೆ ಬೆಳೆಸಲು ಬರುವುದಿಲ್ಲ. ಹೊಸ ಚೈನ್ ಬೇಕು, ಗೂಡಿನಲ್ಲಿ ಹೊಸ ಚೈನಿನ ಡಬ್ಬಿಗಳು ನಾಲ್ಕು, ನಾಲ್ಕೂ ಖಾಲಿ, ಬರತ್ತೆ ಬರತ್ತೆ ಅನ್ನುತ್ತಾರೆ. ಗೋಡೆಯ ಮೇಲೆ ಕಂಪನಿಯವರು ಅಂಟಿಸಿದ ಚಿತ್ರವಿದೆ, ಹೆಲ್ಮೆಟ್ಟು, ಕಿವಿಗೆ ಮುಚ್ಚಳ, ಮುಖಕ್ಕೆ ಜಾಲರಿ, ಚೈನ್ ತಾಗಿದರೆ ನೂಲು ಸಿಕ್ಕಿ ನಿಲ್ಲಿಸುವ ದಪ್ಪ ಪ್ಯಾಂಟು, ಎಲ್ಲ ತೊಟ್ಟು ನಗುತ್ತ ನಿಂತಿದ್ದಾನೆ ಒಬ್ಬ, ಆ ಪ್ಯಾಂಟು ನಮ್ಮ ತಂಡದಲ್ಲಿ ತೊಟ್ಟಿರುವುದು ಅವನೊಬ್ಬನೇ, ಗೋಡೆಯ ಮೇಲಿನವನು. ನಮ್ಮ ತಂಡದಲ್ಲಿದ್ದ ಹಾಡುಗಾರ ತೊಟ್ಟಿರಲಿಲ್ಲ. ಲಾರಿಯಲ್ಲಿ ಹಾಡುತ್ತ ಬರುತ್ತಿದ್ದ ಅವನ ತೊಡೆಗೆ ಎರಡನೆಯ ನಂಬರಿನ ಗರಗಸ ಇಳಿದ ದಿನ ವರದಿಯ ಹಾಳೆ ಬಂತು, ಕಾರಣ ಎಂಬ ಮನೆಯಲ್ಲಿ ಬರೆಯಲು ಏನೂ ಉಳಿದಿರಲಿಲ್ಲ, ಕೆಲಸಗಾರನ ಅಜಾಗರೂಕತೆ ಎಂದು ಮೊದಲೇ ಅಚ್ಚಾಗಿತ್ತು, ಹೆಸರು ತುಂಬಿದರೆ ಸಾಕು. ಅಚ್ಚು ಹಾಕಿಸಿದವರಿಗೆ ಗೊತ್ತಿತ್ತು, ಯಾರು ಬೀಳುತ್ತಾರೆಂದು ಗೊತ್ತಿಲ್ಲದಿದ್ದರೂ ಯಾರ ತಪ್ಪೆಂದು ಗೊತ್ತಿತ್ತು, ಎಷ್ಟು ಹಾಳೆ ಬೇಕಾಗುತ್ತದೆಂದೂ ಗೊತ್ತಿತ್ತು, ಕಟ್ಟುಗಟ್ಟಲೆ ಹಾಕಿಸಿದ್ದಾರೆ. ಮೇಸ್ತ್ರಿ ಅವತ್ತು ತಲೆ ತಗ್ಗಿಸಿ, ಗರಗಸಕ್ಕೆ ಬಿಲ್ಲೆ ಇತ್ತು ಅರದಮ್ಮ, ನಿನ್ನ ಬಿಲ್ಲೆ, ಅಂದ್ರೆ ಗರಗಸ ಸರಿ ಇತ್ತು ಅಂತ ತಾನೇ, ನಾನೇನು ಮಾಡ್ಲಿ, ಅಂದ. ಬಿಲ್ಲೆ. ತಗಡಿನದು, ಅಪ್ಪನ ಕಾಲದ್ದು, ಮೇಲೆ ಅರದ ಗುರುತು ಕೊರೆದಿದೆ, ಮಸೆದವರು ಹಿಂದಿನ ಹಿಡಿಗೆ ಅದನ್ನು ತಂತಿಯಿಂದ ಕಟ್ಟದೆ ಯಾವ ಗರಗಸವೂ ಈ ಶೆಡ್ಡಿನ ಹೊಸ್ತಿಲು ದಾಟುವಂತಿಲ್ಲ, ಕಡಿಯುವವರ ಜೀವಕ್ಕೆಂದು ಅಪ್ಪ ಜಗಳವಾಡಿ ತಂದ ಕಟ್ಟಳೆ ಅದು, ಹಾಡುಗಾರನ ಕಾಲು ಹೋದ ಮೇಲೆ ಅದೇ ಅವನ ವಿರುದ್ಧ ಸಾಕ್ಷಿ ಹೇಳಿತು, ನನ್ನ ಗುರುತು ಹೊತ್ತುಕೊಂಡು. ನಾಲ್ಕನೆಯ ಬಿಲ್ಲೆ ಈಗ ನನ್ನ ಅಂಗೈಯಲ್ಲಿದೆ. ಕಟ್ಟಿದರೆ ಅಣ್ಣ ಹೋಗುತ್ತಾನೆ, ಇವತ್ತಿನ ಮರ ಗಾಳಿಗೆ ಬುಡಮೇಲಾಗಿ ಆಸ್ಪತ್ರೆಯ ಹಿಂದಿನ ಗೋಡೆಯ ಮೇಲೆ ಬಿಲ್ಲಿನ ಹಾಗೆ ಬಾಗಿ ಕೂತಿದೆಯಂತೆ, ಅಂಥದ್ದು ಎತ್ತ ಸಿಡಿಯುತ್ತದೋ ಯಾರಿಗೂ ಗೊತ್ತಾಗದು. ಕಟ್ಟದಿದ್ದರೆ ಯಾಕೆ ಎಂದು ಪುಸ್ತಕದಲ್ಲಿ ಬರೆಯಬೇಕು, ಬರೆದರೆ ಅಣ್ಣನನ್ನು ಡಾಕ್ಟರ್ ಹತ್ತಿರ ಕಳಿಸುತ್ತಾರೆ, ಡಾಕ್ಟರ್ ಬೆರಳು ನೋಡುತ್ತಾನೆ, ಗರಗಸ ಹಿಡಿಯಲಾರದವನಿಗೆ ತಂಡದಲ್ಲಿ ಜಾಗವಿಲ್ಲ ಎಂಬುದೂ ಎಲ್ಲೋ ಅಚ್ಚಾಗಿಯೇ ಇರುತ್ತದೆ. ಮರ ಬಿಟ್ಟು ಅಣ್ಣನಿಗೆ ಇನ್ನೇನು ಗೊತ್ತು. ನನಗೆ ಜಡೆ ಹಾಕುವುದು ಅವನಿಗೆ ಗೊತ್ತಿತ್ತು.

ಬರೆದೆ. ಯಾವಾಗ ಬರೆದೆನೋ, ಕೈ ತಾನೇ ಬರೆಯಿತು, ನಾಲ್ಕನೇ ನಂಬರ್ ಹೊರಗೆ ಹೋಗಬಾರದು, ತಡೆ ಅಳತೆಗಿಂತ ತಗ್ಗು, ಉಜ್ಜಿದವಳು ನಾನು, ಬ್ರೇಕಿನ ಪಟ್ಟಿ ಬಿರಿದಿದೆ, ರಬ್ಬರ್ ಬುಷ್ ಮೂರು ಸಲ ಕೇಳಿದರೂ ಕೊಡಲಿಲ್ಲ, ಹಿಡಿದವನ ಕೈ ಇದರಿಂದ ಕೆಟ್ಟಿದೆ, ಅವನ ಅಜಾಗರೂಕತೆ ಅಲ್ಲ — ಅಲ್ಲ ಎಂಬುದರ ಕೆಳಗೆ ಎರಡು ಗೆರೆ ಎಳೆದೆ, ಹಾಳೆ ಹರಿಯಿತು. ಏನೇ ಅದು ಕಾದಂಬರಿ ಬರೀತಿದೀಯಾ, ಅಣ್ಣ ಬಂದ, ಬಾಗಿಲಲ್ಲಿ ಅವನ ಉಸಿರು ಹೊಗೆಯಾಗಿ, ಕೊಡು ಗರಗಸ, ಮೇಸ್ತ್ರಿ ಕುಣೀತಿದಾನೆ. ಇವತ್ತು ಹೋಗಲ್ಲ ಅಣ್ಣ ಇದು. ಯಾಕೆ? ತಡೆ. ತಡೆಗೇನಾಯ್ತು? ನಾನು ಉಜ್ಜಿ ಉಜ್ಜಿ ಹಾಳು ಮಾಡಿದೀನಿ, ಎಂಟು ತಿಂಗಳಿಂದ, ತಗಡು ಇಡದೆ, ನಿನಗೆ ಸುಲಭ ಆಗ್ಲಿ ಅಂತ, ಅದಕ್ಕೇ ಅದು ಒದೀತಿರೋದು, ಅದಕ್ಕೇ ನಿನ್ನ ಮಣಿಕಟ್ಟು... ಅವನು ಬೆಂಚಿನ ಮೇಲಿನ ಚಕ್ಕೆಯನ್ನು ಬೆರಳಿಂದ ಒಟ್ಟುಗೂಡಿಸುತ್ತಿದ್ದ, ಬೆರಳಿಗೆ ಸಿಗುತ್ತಿರಲಿಲ್ಲ ಅವು. ಗೊತ್ತಿತ್ತು ಕಣೇ, ಅಂದ. ಏನು ಗೊತ್ತಿತ್ತು? ಎರಡನೇ ವಾರಕ್ಕೇ ಗೊತ್ತಾಯ್ತು, ಅದು ಜಿಗಿಯೋಕೆ ಶುರು ಮಾಡ್ತಲ್ಲ ಆಗ, ಇವಳು ತಡೆ ತಿಂದಿದಾಳೆ ಅಂದ್ಕೊಂಡೆ. ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ? ನೀನು ಎಷ್ಟು ಖುಷಿಯಾಗಿದ್ದೆ ಪುಟ್ಟಿ ಅವತ್ತು, ಹೇಳಿದ್ರೆ ಆಮೇಲೆ ನೀನು ಅರ ಮುಟ್ತಿರ್ಲಿಲ್ಲ. ಬೆಪ್ಪು, ಅಂದೆ, ಬೆಪ್ಪು ಮುಂಡೇದೇ, ಅಣ್ಣನಿಗೆ ಹಾಗನ್ನಬಾರದು, ಅಂದೆ, ಇನ್ನೊಂದು ಸಲ ಅಂದೆ, ನಿಧಾನಿಯಂತೆ ನಿಧಾನಿ, ಊರಿಗೆಲ್ಲ ಜಪ ಹೇಳೋನು, ಅವನು ನಕ್ಕು ಕಣ್ಣು ಒರೆಸಿಕೊಂಡ, ಮಣಿಕಟ್ಟಿನಿಂದ, ಬೆರಳಿನಿಂದಲ್ಲ. ಇದೊಂದು ಮರ, ಅಂದ, ಇದೊಂದು ಮುಗಿಸ್ತೀನಿ, ಆಸ್ಪತ್ರೆ ಗೋಡೆ, ರೋಗಿಗಳಿದಾರೆ, ಆಮೇಲೆ ನಾನೇ ಹೇಳ್ತೀನಿ ಮೇಸ್ತ್ರಿಗೆ, ಬಿಲ್ಲೆ ಕಟ್ಟು. ಅಷ್ಟರಲ್ಲಿ ಮೇಸ್ತ್ರಿಯೇ ಬಂದು ನಿಂತಿದ್ದಾನೆ, ಏನಮ್ಮ, ಅಣ್ಣ ತಂಗಿ ಹಬ್ಬ ಮಾಡ್ತಿದೀರಾ, ಕಟ್ಟಮ್ಮ ಬಿಲ್ಲೆ, ಪುಸ್ತಕ ಅವನ ಕೈಗೆ ಕೊಟ್ಟೆ, ಓದಿದ, ಹರಿದ ಜಾಗದ ಮೇಲೆ ಬೆರಳಿಟ್ಟು ಇನ್ನೊಂದು ಸಲ ಓದಿದ, ಮುಖ ಸಣ್ಣಗಾಯಿತು, ಇದನ್ನ ಹೀಗೇ ಬಿಟ್ರೆ ಇಬ್ಬರ ಕೆಲಸಾನೂ ಹೋಗತ್ತೆ ಅರದಮ್ಮ, ಹಾಳೆ ಕಿತ್ತುಬಿಡು, ನಾನು ನೋಡಿಲ್ಲ, ನಿಧಾನಿಗೇನಾಗಿದೆ, ಕಲ್ಲುಗುಂಡಿನ ಹಾಗಿದಾನೆ, ಏನಯ್ಯಾ ನಿಂಗೇನಾಗಿದೆ? ಏನಿಲ್ಲ ಮೇಸ್ತ್ರಿ, ಶೀತ ಅಷ್ಟೇ, ಅಂದ ಅಣ್ಣ. ಬಿಲ್ಲೆಯನ್ನು ಅರದ ಡಬ್ಬಿಗೆ ಹಾಕಿ ಮುಚ್ಚಿದೆ. ತೋಳು ಮೇಲೆ ಸರಿಸಿ ಕೈ ಚಾಚಿದೆ, ಗರಗಸದ ಹಿಡಿ ಎಷ್ಟು ದಪ್ಪವೋ ಅಷ್ಟೇ ದಪ್ಪದ ನನ್ನ ಮಣಿಕಟ್ಟು, ಹಿಡಿ ಅಣ್ಣ, ಎಡಗೈಯಲ್ಲಿ, ಮೇಸ್ತ್ರಿ ನೋಡ್ಲಿ, ಗಟ್ಟಿಯಾಗಿ ಹಿಡಿದ್ರೆ ಈಗಲೇ ಕಟ್ತೀನಿ. ಹಿಡಿದ. ನಾಲ್ಕು ಬೆರಳು ಬಂದು ಸುತ್ತಿಕೊಂಡವು, ತಣ್ಣಗೆ, ಒರಟಾಗಿ, ಎಷ್ಟು ಮೆತ್ತಗೆ, ಎಳೆ ಜಾರಬಾರದೆಂದು ಹಿಡಿದ ಹಾಗೆ, ಇನ್ನು ಅದೊಂದು, ಸುತ್ತು ಅಣ್ಣ, ಅವನು ನೋಡುತ್ತಿದ್ದಾನೆ ಅದನ್ನು, ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ, ಕತ್ತಿನ ನರ ಉಬ್ಬಿದೆ, ಲಾರಿಯ ಸದ್ದು ನಿಂತಿದೆ, ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಅದುರಿತು, ಒಂದು ಸಲ ಅದುರಿತು, ಬರಲಿಲ್ಲ, ಮೇಲೆಯೇ, ನನ್ನ ಮಣಿಕಟ್ಟಿನ ಮೇಲೆ, ನಿದ್ದೆ ಹೋದ ಮಗುವಿನ ಹಾಗೆ ಮಲಗಿದೆ, ಬಿಳಿಯ ಹೆಬ್ಬೆರಳು, ಹೆಬ್ಬೆರಳು,